ಸಿಂಹಾಸನ ಒತ್ತಿದರೆ ಸರ್ವರ್ ಬೀಳುತ್ತೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವ ವಿಷಯಕ್ಕೆ ನನಗೂ ವನಜಾಕ್ಷಿಗೂ ಜಗಳ. ನಾನು ಕಥೆ ಬರೆಯುವವನು, ಅವಳು ಕಥೆಯ ನಾಯಕಿ. ನ್ಯಾಯವಾಗಿ ನನ್ನ ಮಾತೇ ನಡೆಯಬೇಕು. ನಡೆಯುತ್ತಿಲ್ಲ.

ಮೊದಲು ಹೀಗೆ ಬರೆದಿದ್ದೆ: "ಅಂದು ತುಮಕೂರಿನ ಮೇಲೆ ಮೋಡ ಕವಿದಿತ್ತು."

"ಸಾರ್, ಅದು ಏಪ್ರಿಲ್ಲು. ಇದ್ದ ಒಂದೇ ಫ್ಯಾನನ್ನ ಸರ್ವರ್ ಕಡೆ ತಿರುಗಿಸಿ ನಾವು ಬೆವರ್ತಾ ಕೂತಿದ್ವಿ. ಯಾವ ಮೋಡ?"

ಮೋಡ ಹೊಡೆದು ಹಾಕಿದೆ. ಆಮೇಲೆ ಸ್ವಲ್ಪ ಆಳವಾಗಿರಲಿ ಅಂತ, "ನೆನಪು ಎಂದರೇನು? ಮನುಷ್ಯನ ನೆನಪಿಗೂ ಯಂತ್ರದ ನೆನಪಿಗೂ..." ಅಂತ ಹೊರಟೆ.

"ಮಶೀನಲ್ಲಿ ಇದ್ದ ಮೆಮೊರಿ ಐನೂರ ಹನ್ನೆರಡು ಎಂಬಿ ಸಾರ್. ಅಲ್ಲಿಗೆ ತತ್ತ್ವ ಮುಗೀತು. ಸೀದಾ ಹೇಳಿ."

ಸರಿ. ಸೀದಾ ಹೇಳುತ್ತೇನೆ.

೧ (ಇನ್ನೊಂದು ಸಲ)

ಇಸವಿ ಎರಡು ಸಾವಿರದ ಆರು. ವನಜಾಕ್ಷಿಯ ಮನೆ ಮರಳೂರಲ್ಲಿ. ಕೆಲಸ ತುಮಕೂರು ಪೇಟೆಯ ಒಂದು ಬೇಕರಿಯ ಮೇಲಿದ್ದ ಎರಡು ಕೋಣೆಯ ಸಾಫ್ಟ್‌ವೇರ್ ಕಂಪನಿಯಲ್ಲಿ. ಮಾಲೀಕ ದಯಾನಂದ. ನೌಕರರು ವನಜಾಕ್ಷಿ. (ಬಹುವಚನ ನನ್ನದಲ್ಲ, ದಯಾನಂದನದು. ಫೋನಲ್ಲಿ ಗಿರಾಕಿಗಳಿಗೆ "ನಮ್ ಟೀಮ್ ನೋಡ್ತಾ ಇದೆ" ಅನ್ನುವಾಗ ಅವನು ನೋಡುತ್ತಿದ್ದದ್ದು ಇವಳೊಬ್ಬಳನ್ನೇ.)

ಆ ವರ್ಷ ಅವರಿಗೆ ಸಿಕ್ಕ ದೊಡ್ಡ ಗಿರಾಕಿ ಗುಬ್ಬಿಯ ಮೂಡಲಗಿರಿಯಪ್ಪ. ಅವರದು ಡ್ರಾಮಾ ಸೀನರಿ ಅಂಗಡಿ. ನಮ್ಮ ಕಡೆ ಪೌರಾಣಿಕ ನಾಟಕದ ಹುಚ್ಚು ಎಷ್ಟು ಅಂದರೆ, ಹಗಲು ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಲೇತ್ ಮುಂದೆ ನಿಂತವನು ಸಂಜೆ ಹಾರ್ಮೋನಿಯಂ ಮುಂದೆ ನಿಂತು ಕಂದಪದ್ಯ ಹಾಡುತ್ತಾನೆ. ಅಂಥವರಿಗೆಲ್ಲ ಪರದೆ, ಡ್ರೆಸ್ಸು, ಗದೆ, ಬಿಲ್ಲು, ಕಿರೀಟ ಬಾಡಿಗೆಗೆ ಕೊಡುವವರು ಮೂಡಲಗಿರಿಯಪ್ಪ. ಪಕ್ಕದ ತಾಲ್ಲೂಕಿನ ಸೀನರಿಯವನು ವೆಬ್‌ಸೈಟ್ ಮಾಡಿಸಿದನಂತೆ ಅಂತ ಯಾರೋ ಅಂದದ್ದೇ ತಡ, ಅವರು ತುಮಕೂರಿನ ಬಸ್ ಹತ್ತಿದರು.

"ನಮ್ಮಂಗ್ಡಿಗ್ ಬಂದೋನು ಪ್ರತಿಯೊಂದೂ ಕೈಯಾಗ್ ಹಿಡ್ದು ನೋಡ್ತಾನೆ," ಅಂದರು. "ಕಂಪ್ಯೂಟರ್ನಾಗೂ ಹಂಗೇ ಇರ್ಬೇಕು. ಒಳಕ್ ಬಂದ ತಕ್ಷಣ ಅಂಗ್ಡಿ ಪೂರ್ತಿ ಅವನ್ ಕೈಲಿರ್ಬೇಕು. ಕಾಯೋ ಹಂಗಿರ್ಬಾರ್ದು."

ದಯಾನಂದ ವನಜಾಕ್ಷಿಯ ಕಡೆ ತಿರುಗಿ, "ಎಲ್ಲಾ ಸೆಷನ್ನಿಗೆ ಹಾಕ್ಬಿಡು. ಫಾಸ್ಟಾಗುತ್ತೆ," ಅಂದ.

"ಜಾಸ್ತಿ ಜನ ಬಂದ್ರೆ ಸಾರ್?"

"ಬಂದ್ರೆ ಅಲ್ವೇನಮ್ಮಾ?"

೨

ಸೆಷನ್ ಅಂದರೇನು ಅಂತ ಇಲ್ಲಿ ಹೇಳಲೇಬೇಕು. ಹೇಳದಿದ್ದರೆ ನೀವು ಪುಟ ತಿರುಗಿಸಿ ಅಡುಗೆಮನೆ ಕಡೆ ಹೋಗುತ್ತೀರಿ.

ನೀವು ಒಂದು ವೆಬ್‌ಸೈಟಿನ ಒಳಗೆ ಹೋದಿರಿ ಅನ್ನಿ. ಬಂದವರು ಯಾರು, ಏನು ಆರಿಸಿಕೊಂಡರು ಅನ್ನುವುದನ್ನು ಸೈಟು ನೆನಪಿಟ್ಟುಕೊಳ್ಳಬೇಕಲ್ಲ? ಅದಕ್ಕೆ ಸರ್ವರು ನಿಮ್ಮ ಹೆಸರಲ್ಲಿ ತನ್ನ ಮೆಮೊರಿಯೊಳಗೆ ಒಂದು ಚೀಲ ತೆಗೆದಿಡುತ್ತದೆ. ನೀವು ಹೋದ ಮೇಲೆ ಸ್ವಲ್ಪ ಹೊತ್ತು ಕಾದು ಚೀಲ ಬಿಸಾಡುತ್ತದೆ. ಆ ಚೀಲವೇ ಸೆಷನ್ನು. ಅದರಲ್ಲಿ ಸಾಮಾನ್ಯವಾಗಿ ಒಂದೆರಡು ಚೀಟಿ ಇರುತ್ತವೆ, ಅಷ್ಟೇ. ವನಜಾಕ್ಷಿ, ದಯಾನಂದನ ಆಜ್ಞೆಯಂತೆ, ಬಂದ ಪ್ರತಿಯೊಬ್ಬರ ಚೀಲಕ್ಕೂ ಮೂಡಲಗಿರಿಯಪ್ಪನ ಇಡೀ ಅಂಗಡಿ ತುಂಬಿದಳು. ಪರದೆಗಳು, ಡ್ರೆಸ್ಸುಗಳು, ಸಣ್ಣ ಫೋಟೋ ಸಮೇತ.

ಮೊದಲ ದಿನ ತೋರಿಸಿದಾಗ ಸೈಟಿನೊಳಗೆ ಇದ್ದದ್ದು ಒಬ್ಬರೇ ಗಿರಾಕಿ, ಸ್ವತಃ ಮೂಡಲಗಿರಿಯಪ್ಪ. ಕ್ಲಿಕ್ ಅಂದರೆ ಗದೆ, ಕ್ಲಿಕ್ ಅಂದರೆ ಗಡ್ಡ. "ಬೆಣ್ಣೆ ಹಂಗ್ ಜಾರ್ತದಲ್ಲಯ್ಯಾ!" ಅಂದರು. ದಯಾನಂದ ಕೆಳಗಿನ ಬೇಕರಿಯಿಂದ ಎಲ್ಲರಿಗೂ ದಿಲ್‌ಪಸಂದ್ ತರಿಸಿದ.

ಏಪ್ರಿಲ್ ಬಂತು. ನಾಟಕದ ಸೀಸನ್ನು. ಕುಣಿಗಲ್ಲು, ಚೇಳೂರು, ಹೆಬ್ಬೂರಿನ ಸೈಬರ್ ಕೆಫೆಗಳಲ್ಲಿ ಮೀಸೆ ಹೊತ್ತವರು ಸಾಲಾಗಿ ಕೂತು ಕಿರೀಟ ನೋಡತೊಡಗಿದರು. ಸರ್ವರ್ ಮೆಮೊರಿ ಸಾಲದೆ ಮಲಗಿತು. ಸರ್ವರ್ ಅಂದರೆ ಏನೋ ಅಂದುಕೊಳ್ಳಬೇಡಿ. ಆಫೀಸಿನ ಮೂಲೆಯಲ್ಲಿ ಸ್ಟೂಲಿನ ಮೇಲಿದ್ದ ಒಂದು ಕಂಪ್ಯೂಟರು. ಎಬ್ಬಿಸಿದರೆ ಅರ್ಧ ಗಂಟೆ ಓಡಿ ಮತ್ತೆ ಮಲಗುತ್ತಿತ್ತು. ಮಲಗಿದಾಗೆಲ್ಲ ಎಲ್ಲರ ಚೀಲವೂ ಖಾಲಿ. ಅರ್ಧಂಬರ್ಧ ಆರಿಸಿದ್ದ ಕಿರೀಟ, ಗದೆ, ಎಲ್ಲ ಮಾಯ.

ದಯಾನಂದ ಮೂರು ಪರಿಹಾರ ಮಾಡಿದ. ಸರ್ವರಿಗೆ ಇನ್ನಷ್ಟು ಮೆಮೊರಿ ಹಾಕಿಸಿದ. ಅರ್ಧ ಗಂಟೆಯ ಬದಲು ಒಂದು ಗಂಟೆ ಓಡಿತು. "ಜನ ಮಧ್ಯದಲ್ಲಿ ಟೀ ಕುಡಿಯೋಕೆ ಹೋದ್ರೆ ಚೀಲ ಬಿಸಾಕ್ಬೇಡ," ಅಂತ ಸೆಷನ್ನಿನ ಆಯಸ್ಸನ್ನು ಇಡೀ ಹಗಲಿಗೆ ಏರಿಸಿದ. ಬಂದವರು ಹೋದರೂ ಚೀಲ ಹೋಗದೆ ಸರ್ವರ್ ಇನ್ನೂ ಬೇಗ ಮಲಗಿತು. ಕೊನೆಗೆ ಸರ್ವರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ.

(ನಿಂಬೆಹಣ್ಣಿನಿಂದ ತೊಂದರೆ ಏನೂ ಆಗಲಿಲ್ಲ ಅಂತ ವನಜಾಕ್ಷಿ ಬರೆಯಲು ಹೇಳಿದ್ದಾಳೆ. ಮೂರರಲ್ಲಿ ದುಡ್ಡೂ ಕೆಡದ, ಕೆಲಸವೂ ಕೆಡದ ಪರಿಹಾರ ಅದೊಂದೇ.)

೩

ಬುಧವಾರ ಬೆಳಗ್ಗೆ ಹನುಮಕ್ಕ ಆಫೀಸಿನ ಮೆಟ್ಟಿಲು ಹತ್ತಿ ಬಂದರು.

ಹನುಮಕ್ಕ ಕುಣಿಗಲ್ ಕಡೆಯ ಹಳ್ಳಿಯವರು. ಐವತ್ತರ ಆಸುಪಾಸು, ಅಂಗನವಾಡಿಯಲ್ಲಿ ಸಹಾಯಕಿ. ಅವರ ಊರಿನ ಹೆಂಗಸರೆಲ್ಲ ಸೇರಿ ಒಂದು ಪೌರಾಣಿಕ ನಾಟಕ ಕಲಿತಿದ್ದರು. ಗಂಡು ಪಾರ್ಟು ಹೆಣ್ಣು ಪಾರ್ಟು ಎಲ್ಲವೂ ಹೆಂಗಸರೇ. ಚಕ್ರವರ್ತಿ, ಅಂದರೆ ರಾಜಪಾರ್ಟು, ಹನುಮಕ್ಕ. ಬರುವ ಶನಿವಾರ ನಾಟಕ. ಊರ ಗಂಡಸರು ಅವಾಗಲೇ ಮುಂದಿನ ಸಾಲಿಗೆ ಟವೆಲ್ ಹಾಸಿಟ್ಟಿದ್ದರು, ನೋಡೋಕಲ್ಲ, ನಗೋಕೆ.

"ಕುಣಿಗಲ್ನಾಗೆ ಕಂಪ್ಯೂಟರ್ ಅಂಗ್ಡಿಗ್ ಹೋಗಿ ಹೋಗಿ ಸಾಕಾತು ಕಣವ್ವಾ," ಅಂದರು. "ಕಿರೀಟ ಆರಿಸ್ತೀನಿ, ಭುಜಕೀರ್ತಿ ಆರಿಸ್ತೀನಿ, ಕಡೀಕೆ ನೋಡಿದ್ರೆ ಏನೂ ಇಲ್ಲ. ನಿಮ್ ಯಂತ್ರಕ್ಕೆ ಹೆಂಗಸ್ರು ಅಂದ್ರೆ ಆಗಾಕಿಲ್ವಾ?"

ದಯಾನಂದ ಬಾತ್‌ರೂಮಿನೊಳಗೆ ಹೋಗಿ ಚಿಲಕ ಹಾಕಿಕೊಂಡ. ವನಜಾಕ್ಷಿ ಹನುಮಕ್ಕನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು. ಈ ಹೆಂಗಸಿನ ಕೈಲೇ ಸೈಟು ನಡೆಸಿ, ಎಲ್ಲಿ ಬೀಳುತ್ತೆ ನೋಡೋಣ ಅನ್ನುವುದು ಅವಳ ಲೆಕ್ಕ. ಒಂದು ಮಾನಿಟರಿನಲ್ಲಿ ಅಂಗಡಿ, ಇನ್ನೊಂದರಲ್ಲಿ ಸರ್ವರಿನ ಮೆಮೊರಿಯ ಹಸಿರು ಗೆರೆ.

ಹನುಮಕ್ಕನಿಗೆ ಅವಸರವಿಲ್ಲ. ಒಂದೊಂದು ಕಿರೀಟವನ್ನೂ ದೊಡ್ಡದು ಮಾಡಿಸಿ ನೋಡಿದರು. ಇದು ಮದುವೆ ಗಂಡಿನ ಪೇಟ ಇದ್ದಂಗದೆ. ಇದು ಬ್ಯಾಂಡ್‌ಸೆಟ್‌ನೋರ್ ಟೋಪಿ. ಪ್ರತಿ ಕಿರೀಟಕ್ಕೂ ಹಸಿರು ಗೆರೆ ಒಂಚೂರು ಮೇಲೇರಿತು. ಹಿಂದಕ್ಕೆ ಬಂದರೆ ಇಳಿಯಲಿಲ್ಲ. ವನಜಾಕ್ಷಿ ಅಲ್ಲಿ ಮೊದಲ ತಪ್ಪು ಕಂಡಳು: ದೊಡ್ಡದು ಮಾಡಿ ನೋಡಿದ ಫೋಟೋ ಎಲ್ಲ ಚೀಲದೊಳಗೇ ಉಳಿಯುತ್ತಿದೆ, ಯಾರೂ ತೆಗೆಯುತ್ತಿಲ್ಲ.

ಅವತ್ತು ಯಾಕೋ ಸರ್ವರ್ ಮಧ್ಯಾಹ್ನದವರೆಗೂ ಮಲಗಲಿಲ್ಲ. ಆ ಹೊತ್ತಿಗೆ ಹನುಮಕ್ಕನ ಕಣ್ಣು ಒಂದರ ಮೇಲೆ ನಿಂತಿತು. ಏಳು ಹೆಡೆಯ, ಕೆಂಪು ಕಲ್ಲಿನ ರಾಜಪಾರ್ಟು ಕಿರೀಟ. ಮೂಡಲಗಿರಿಯಪ್ಪನ ಅಂಗಡಿಗೇ ಅದೊಂದು.

"ಇದು," ಅಂದರು. ಸೆರಗಿನಿಂದ ಮಾನಿಟರ್ ಒರೆಸಿದರು.

ಬುಕ್ಕಾಯಿತು. ವನಜಾಕ್ಷಿ ಪ್ರಿಂಟ್ ತೆಗೆದು ಕೈಗೆ ಕೊಟ್ಟಳು. "ಶನಿವಾರ ಇದು ನಿಮ್ದೇ ಹನುಮಕ್ಕ."

"ಸಿಂಹಾಸನ ತೋರ್ಸವ್ವಾ."

ವನಜಾಕ್ಷಿ ಸಿಂಹಾಸನ ಒತ್ತಿದಳು. ಹಸಿರು ಗೆರೆ ನೆಟ್ಟಗೆ ಮೇಲಕ್ಕೆ ಹೋಗಿ ನೆತ್ತಿಗೆ ಬಡಿಯಿತು. ಸ್ಟೂಲಿನ ಮೇಲಿದ್ದ ಸರ್ವರಿನ ಉಸಿರು ಕಟ್ಟಿತು.

ಅವಳು ಎಬ್ಬಿಸಿದಳು, ಮತ್ತೆ ಒತ್ತಿದಳು. ಮತ್ತೆ ಬಿತ್ತು. ಆ ಫೋಟೋ ಯಾವುದು ಅಂತ ತೆಗೆದು ನೋಡಿದರೆ, ಗುಬ್ಬಿಯ ಸ್ಟುಡಿಯೋದವನು ಸಿಂಹಾಸನದ ಚಿತ್ರವನ್ನು ಮಾತ್ರ ಫ್ಲೆಕ್ಸ್ ಬ್ಯಾನರಿಗೆ ಆಗುವಷ್ಟು ದೊಡ್ಡದಾಗಿ ಸ್ಕ್ಯಾನ್ ಮಾಡಿ ಕೊಟ್ಟಿದ್ದ. ಅದು ಹೋಗಿ ಚೀಲದಲ್ಲಿ ಕೂತರೆ ಉಳಿದ ಎಲ್ಲರ ಚೀಲಕ್ಕೂ ಜಾಗವಿಲ್ಲ.

"ಅಂದ್ರೆ ಯಾವನೋ ಸಿಂಹಾಸನ ಮುಟ್ದಾಗೆಲ್ಲ ಎಲ್ಲಾರ್ ರಾಜ್ಯಾನೂ ಹೋಗ್ತಿತ್ತಾ?" ಅಂದರು ಹನುಮಕ್ಕ.

ವನಜಾಕ್ಷಿ ನಕ್ಕಳು. ಆ ತಿಂಗಳಲ್ಲಿ ಮೊದಲ ಸಲ.

೩ (ಹೊಡೆದು ಹಾಕಿದ ಪ್ಯಾರಾ)

"...ಆಗ ಹನುಮಕ್ಕ ಮೆಲ್ಲಗೆ ನುಡಿದರು: ನೆಂಟರ ಮನೆಗೆ ಹೋಗುವವನು ಇಡೀ ಮನೆಯನ್ನು ಹೊತ್ತುಕೊಂಡು ಹೋಗುತ್ತಾನೇನವ್ವಾ? ಆ ಹಳ್ಳಿಯ ಮಾತು ಕೇಳಿ ವನಜಾಕ್ಷಿಯ ಕಣ್ಣು ತೆರೆಯಿತು..."

"ಸಾರ್!" ಇದು ವನಜಾಕ್ಷಿ. "ನಾನು ಎಂಸಿಎ ಓದಿದೀನಿ. ಕಂಡುಹಿಡಿದಿದ್ದು ನಾನು. ಸರಿ ಮಾಡಿದ್ದೂ ನಾನು."

"ನಾನ್ಯಾವಾಗಪ್ಪಾ ಹಂಗಂದೆ?" ಇದು ಹನುಮಕ್ಕ. "ನಾನ್ ಅವತ್ತು ಮೆಲ್ಲಗ್ ಕೇಳಿದ್ದು, ಬಾತ್‌ರೂಮ್ ಯಾವಾಗ್ ಖಾಲಿ ಆಗ್ತದವ್ವಾ ಅಂತ."

ಕ್ಷಮಿಸಿ ಓದುಗರೇ. ಹಳ್ಳಿಯವರ ಬಾಯಲ್ಲಿ ಗಾದೆ ಹೇಳಿಸುವ ಚಟ ನಮಗೆ. ಕೈ ತಾನಾಗಿ ಹೋಗಿಬಿಡುತ್ತದೆ.

೪

ಗುರುವಾರ ಇಡೀ ಹಗಲು ವನಜಾಕ್ಷಿ ಕೂತು ಅಂಗಡಿಯನ್ನು ಚೀಲದಿಂದ ಹೊರಗೆ ತೆಗೆದಳು. ಇನ್ನು ಮೇಲೆ ಚೀಲದಲ್ಲಿ ಇರುವುದು ಸಾಮಾನಿನ ನಂಬರು ಮಾತ್ರ. ಅಂಗಡಿ ಒಂದೇ, ಡೇಟಾಬೇಸಿನಲ್ಲಿ, ಎಲ್ಲರೂ ಅದನ್ನೇ ನೋಡಬೇಕು. ಫೋಟೋಗಳು ಡಿಸ್ಕಿನಲ್ಲಿ, ಕೇಳಿದಾಗ ತೋರಿಸಿ ಕೈ ತೊಳೆದುಕೊಳ್ಳುವುದು. ಸಂಜೆ ಹಸಿರು ಗೆರೆ ನೆಲಕ್ಕೆ ಒರಗಿ ಮಲಗಿತು. ದಯಾನಂದ ನಿಂಬೆಹಣ್ಣಿಗೆ ಕೈ ಮುಗಿದ.

ಆದರೆ ಅಂಗಡಿ ಒಂದೇ ಆದದ್ದೇ ತಡ, ವನಜಾಕ್ಷಿಗೆ ಇನ್ನೊಂದು ತಪ್ಪು ಕಾಣಿಸಿತು. ಕೆಂಪು ಕಲ್ಲಿನ ಕಿರೀಟ ಶನಿವಾರಕ್ಕೆ ನಾಲ್ಕು ತಂಡದ ಹೆಸರಲ್ಲಿ ಬುಕ್ಕಾಗಿತ್ತು.

ಹೇಗೆ ಅಂತ ಹೇಳುತ್ತೇನೆ. ಬುಧವಾರ ಹನುಮಕ್ಕ ಸೈಟಿನೊಳಗೆ ಬಂದಾಗ ಕಿರೀಟ ಅಂಗಡಿಯಲ್ಲಿತ್ತು. ಅವರ ಚೀಲಕ್ಕೆ ಅಂಗಡಿಯ ಒಂದು ನಕಲು ಬಿತ್ತು. ಅವರು ನಿಧಾನವಾಗಿ ಒಂದೊಂದೇ ಕಿರೀಟ ನೋಡುತ್ತಾ ಕೂತಿದ್ದಾಗ, ಬೇರೆ ಬೇರೆ ಊರಿನ ಮೂವರು ತಮ್ಮ ತಮ್ಮ ಚೀಲದ ನಕಲಿನಿಂದ ಅದನ್ನೇ ಬುಕ್ ಮಾಡಿದ್ದರು. ಹನುಮಕ್ಕನ ಚೀಲಕ್ಕೆ ಅದು ಗೊತ್ತಿಲ್ಲ. ಅದರೊಳಗಿನ ಹಳೇ ಅಂಗಡಿಯಲ್ಲಿ ಕಿರೀಟ ಇನ್ನೂ ಹೊಳೆಯುತ್ತಿತ್ತು. ನಾಲ್ವರಲ್ಲಿ ಹನುಮಕ್ಕನದೇ ಕೊನೆಯ ಬುಕಿಂಗು. ಅದನ್ನು ಮಾಡಿದ್ದು ವನಜಾಕ್ಷಿಯ ಕೈ. "ನಿಮ್ದೇ" ಅಂದದ್ದು ವನಜಾಕ್ಷಿಯ ಬಾಯಿ.

"ನಾಲ್ಕೂ ಜನಕ್ಕೆ ಫೋನ್ ಮಾಡಿ ಹೇಳ್ಬಿಡೋಣ ಸಾರ್," ಅಂದಳು.

"ಸುಮ್ನಿರಮ್ಮಾ," ಅಂದ ದಯಾನಂದ. "ಶನಿವಾರ ಮೂಡಲಗಿರಿಯಪ್ಪನೋರು ಏನಾದ್ರೂ ಮಾಡ್ಕೋತಾರೆ. ಸಾಫ್ಟ್‌ವೇರಲ್ಲಿ ಕಿರೀಟ ಕೊಟ್ಟಾಯ್ತು, ಹಾರ್ಡ್‌ವೇರ್ ಅವರದ್ದು."

ಶನಿವಾರ ಬೆಳಗ್ಗೆ ವನಜಾಕ್ಷಿ ಯಾರಿಗೂ ಹೇಳದೆ ಗುಬ್ಬಿ ಬಸ್ ಹತ್ತಿದಳು.

೫

ಮೂಡಲಗಿರಿಯಪ್ಪನ ಗೋಡೌನು. ಗೋಡೆಗೆ ಒರಗಿಸಿದ ಅರಮನೆ, ಸುತ್ತಿಟ್ಟ ಕಾಡು. ಮಧ್ಯೆ ಮೇಜಿನ ಮೇಲೆ ಕಿರೀಟ. ಸುತ್ತ ನಾಲ್ಕು ತಂಡ, ನಾಲ್ಕು ಪ್ರಿಂಟು.

ಎಲ್ಲಕ್ಕಿಂತ ಮುಂದೆ ಮಹಾದೇವಯ್ಯ, ಒಂದು ಪಂಚಾಯ್ತಿಯ ಅಧ್ಯಕ್ಷರು, ಇಪ್ಪತ್ತು ವರ್ಷದಿಂದ ರಾಜಪಾರ್ಟು ಮಾಡಿ ಮಾಡಿ ಟೀ ಕೇಳುವಾಗಲೂ ಯುದ್ಧ ಸಾರಿದ ಹಾಗೆ ಕೇಳುವವರು. ಅವರ ಹಿಂದೆ ಚೇಳೂರು, ಹೆಬ್ಬೂರಿನ ತಂಡದವರು. ಬಾಗಿಲ ಹತ್ತಿರ ಹನುಮಕ್ಕ ಮತ್ತು ಅವರ ಹೆಂಗಸರು, ಆಚೆ ನಿಂತ ಅವರ ಟೆಂಪೋ.

ದಯಾನಂದನಿಗೂ ಫೋನ್ ಹೋಗಿತ್ತು. ಬೈಕಿನಲ್ಲಿ ಬಂದು ಇಳಿದವನೇ, "ಸಾರಿ ಸಾರ್, ನಮ್ ಹುಡುಗಿ ಮಾಡಿರೋ ಮಿಸ್ಟೇಕು," ಅಂತ ವನಜಾಕ್ಷಿಯ ಕಡೆ ಬೆರಳು ತೋರಿಸಿದ.

ಎಲ್ಲರೂ ಅವಳ ಕಡೆ ತಿರುಗಿದರು.

"ಎಲ್ಲಾ ಸೆಷನ್ನಿಗೆ ಹಾಕು ಅಂದೋರು ನೀವು," ಅಂದಳು. "ಫೋನ್ ಮಾಡಿ ತಿಳಿಸೋಣ ಅಂದೆ, ಸುಮ್ನಿರು ಅಂದೋರೂ ನೀವೇ. ಸರಿ ಮಾಡಿದ್ದು ಮಾತ್ರ ನಾನು ಸಾರ್."

ದಯಾನಂದ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ.

"ಅದೆಲ್ಲ ಇರ್ಲಿ," ಅಂದರು ಮೂಡಲಗಿರಿಯಪ್ಪ. "ಮೊದ್ಲು ಬುಕ್ ಮಾಡ್ದೋರ್ ಯಾರು? ಅದ್ ಯೋಳವ್ವಾ. ನೀನ್ ಯೋಳ್ದಂಗೇ ಕೊಡ್ತೀನಿ."

(ಇಲ್ಲಿ ನಾನು ಬರೆದೆ: "ವನಜಾಕ್ಷಿ ಹನುಮಕ್ಕನ ಮುಖ ನೋಡಿದಳು. ಮೊದಲು ಹನುಮಕ್ಕ, ಎಂದಳು." ಎಷ್ಟು ಚೆಂದ ಇತ್ತು! ಕಣ್ಣಲ್ಲಿ ನೀರು ತರಿಸುವ ಹಾಗಿತ್ತು. ವನಜಾಕ್ಷಿ ಒಪ್ಪಲಿಲ್ಲ. "ಹಂಗ್ ಹೇಳ್ಬಿಟ್ರೆ ನಾನು ನಾಳೆಯಿಂದ ಯಾವ್ ಮುಖ ಇಟ್ಕೊಂಡು ಸೈಟ್ ಮಾಡ್ಲಿ ಸಾರ್?" ಓದುಗರು ಕಾಯ್ತಾ ಇದಾರೆ ಮಹರಾಯ್ತಿ, ಅಂದೆ. "ಕಾಯ್ಲಿ," ಅಂದಳು.)

"ಮೊದ್ಲು ಮಹಾದೇವಯ್ಯನೋರು," ಅಂದಳು ವನಜಾಕ್ಷಿ. "ಹನುಮಕ್ಕ ಕೊನೇಲಿ."

ಹನುಮಕ್ಕ ಕೈಯಲ್ಲಿದ್ದ ಪ್ರಿಂಟನ್ನು ಮಡಿಸಿದರು, ಮತ್ತೆ ಮಡಿಸಿದರು.

"ನಿನ್ ಕೈಯಾರ ಕೊಟ್ಟಿದ್ದಲ್ಲೇನವ್ವಾ," ಅಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅಂತ ವನಜಾಕ್ಷಿ ಇವತ್ತಿಗೂ ಹೇಳುತ್ತಾಳೆ.

ಮಹಾದೇವಯ್ಯ ಕಿರೀಟ ಎತ್ತಿ ತಲೆಗಿಟ್ಟು ನೋಡಿಕೊಂಡರು. "ಹೆಂಗಸ್ರಿಗೆ ಯಾಕ್ರಮ್ಮ ರಾಜಪಾರ್ಟು? ಸಖೀರ್ ಡ್ರೆಸ್ಸು ಬೇಕಾದಷ್ಟವೆ, ತಗಂಡೋಗಿ."

ಹಿಂದಿದ್ದವರು ನಕ್ಕರು. ಆ ನಗು ಹನುಮಕ್ಕನಿಗೆ ಹೊಸದಲ್ಲ. ಊರಲ್ಲಿ ತಿಂಗಳುಗಟ್ಟಲೆ ಕೇಳಿದ್ದರು. ಅವರು ಗೋಡೌನನ್ನು ಒಂದು ಸುತ್ತು ನೋಡಿದರು. ಮೂಲೆಯಲ್ಲಿ, ಬೆಳ್ಳಿಬಣ್ಣ ಬಳಿದ, ಎರಡೂ ತೋಳಿಗೆ ಸಿಂಹದ ತಲೆಯಿದ್ದ ಸಿಂಹಾಸನ ನಿಂತಿತ್ತು.

"ಅದನ್ ಯಾರ್ ಬುಕ್ ಮಾಡವ್ರೆ?" ಅಂದರು.

ಮಹಾದೇವಯ್ಯ, "ಅದು ಕಿರೀಟದ್ ಜತೆಗೇ ಬರೋದಲ್ವಾ?" ಅಂದರು.

"ಬೇರೆ," ಅಂದರು ಮೂಡಲಗಿರಿಯಪ್ಪ. "ಅದರ ಬಾಡಿಗೆ ಬೇರೆ, ನಂಬರೂ ಬೇರೆ."

ವನಜಾಕ್ಷಿಗೆ ಹೊಳೆಯಿತು. ಸಿಂಹಾಸನ ಒತ್ತಿದಾಗೆಲ್ಲ ಸರ್ವರ್ ಬಿದ್ದಿತ್ತು. ಒಬ್ಬರಿಂದಲೂ ಅದನ್ನು ಬುಕ್ ಮಾಡಲು ಆಗಿರಲಿಲ್ಲ. ಸರಿ ಮಾಡಿದ ಮೇಲೂ ಪಟ್ಟಿಯಲ್ಲಿ ಅದರ ಮುಂದೆ ಯಾರ ಹೆಸರೂ ಬಂದಿರಲಿಲ್ಲ.

"ಯಾರೂ ಇಲ್ಲ ಹನುಮಕ್ಕ," ಅಂದಳು.

"ಹಂಗಾರೆ ಒತ್ತವ್ವಾ."

ಅಂಗಡಿಯ ಕಂಪ್ಯೂಟರಿನ ಮೇಲೆ ಹೊದಿಸಿದ್ದ ಟವೆಲ್ ತೆಗೆದಳು. ಮಾಡೆಮ್ಮು ಕೀರಲು ದನಿಯಲ್ಲಿ ಅತ್ತು ಲೈನ್ ಹಿಡಿಯಿತು. ಸೈಟು ತೆರೆಯಿತು. ಅತ್ತ ತುಮಕೂರಿನಲ್ಲಿ, ಬೀಗ ಹಾಕಿದ ಆಫೀಸಿನ ಸ್ಟೂಲಿನ ಮೇಲೆ, ಸರ್ವರ್ ಒಂದೇ ಕೂತಿದೆ. ಬಿದ್ದರೆ ಎಬ್ಬಿಸುವವರಿಲ್ಲ. ವನಜಾಕ್ಷಿ ಸಿಂಹಾಸನ ಒತ್ತಿದಳು.

ಮೊದಲು ನೆತ್ತಿಯ ಛತ್ರಿಯ ಅಂಚು ಬಂತು. ಎಲ್ಲರೂ ಬಗ್ಗಿದರು. ಆಮೇಲೆ ಏನೂ ಇಲ್ಲ. ದಯಾನಂದ ಕಣ್ಣು ಮುಚ್ಚಿಕೊಂಡ. ಒಂದು ಸಿಂಹದ ಕಿವಿ ಬಂತು. ಚೇಳೂರಿನವನೊಬ್ಬ, "ಬತ್ತಾ ಅದೆ, ಬತ್ತಾ ಅದೆ," ಅಂದ. ಮೂಗು ಬಂತು. ಮೀಸೆ ಬಂತು. ಮಹಾದೇವಯ್ಯ ಕಿರೀಟ ತಲೆಯ ಮೇಲಿರುವುದನ್ನು ಮರೆತು ಬಗ್ಗಿ ಮಾನಿಟರಿಗೆ ಗುದ್ದಿಕೊಂಡರು. "ಅಯ್ಯೋ, ಕಲ್ಲು ಉದುರೀತು ಕಣ್ರೀ!" ಅಂದರು ಮೂಡಲಗಿರಿಯಪ್ಪ. ಮೆತ್ತೆ ಬಂತು. ನಾಲ್ಕು ಕಾಲೂ ಬಂತು. ಕೆಳಗೆ, ಬುಕ್ ಮಾಡಿ ಅನ್ನುವ ಗುಂಡಿ ಬಂತು.

ವನಜಾಕ್ಷಿ ಎದ್ದು ಕುರ್ಚಿ ಬಿಟ್ಟಳು. ಹನುಮಕ್ಕ ಕೂತು, ಬೆರಳನ್ನು ಸೀರೆಗೆ ಒರೆಸಿಕೊಂಡು, ತಾವೇ ಒತ್ತಿದರು.

ಸರ್ವರ್ ಬೀಳಲಿಲ್ಲ.

"ಏನ್ ಮೂಡಲಗಿರಿಯಪ್ಪಾ ಇದು!" ಮಹಾದೇವಯ್ಯ ಯುದ್ಧವನ್ನೇ ಸಾರಿದರು. "ಇಷ್ಟ್ ದೊಡ್ ಕಿರೀಟ ಮಡೀಕಂಡು ನಾನು ಪ್ಲಾಸ್ಟಿಕ್ ಚೇರ್ ಮ್ಯಾಲ್ ಕೂರಾದಾ?"

"ಮೊದ್ಲು ಬುಕ್ ಮಾಡ್ದೋರಿಗೆ ಅಂತ ನೀವೇ ಒಪ್ಪಿದ್ರಲ್ಲ ಯಜಮಾನ್ರೇ," ಅಂದರು ಹನುಮಕ್ಕ. "ನಮ್ಗೆ ಕಿರೀಟ ಏನು, ತಗಡ್ನಾಗ್ ಕತ್ತರಿಸ್ಕಂತೀವಿ, ಬುಡಿ. ಎತ್ರವ್ವಾ!"

ಆರು ಹೆಂಗಸರು ಸಿಂಹಾಸನ ಎತ್ತಿದರು. ವನಜಾಕ್ಷಿ ಒಂದು ಕಾಲು ಹಿಡಿದಳು.

೬ (ಮುಗಿಸುವ ಪ್ರಯತ್ನಗಳು)

(ಅ) ಅಂದು ಹೆಂಗಸರ ನಾಟಕಕ್ಕೆ ಇಡೀ ತಾಲ್ಲೂಕೇ ನೆರೆಯಿತು. ಮುಂದಿನ ಸಾಲಿನ ಗಂಡಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. — ನಾನು ಹೋಗಿರಲಿಲ್ಲ. ಹೋದವರಲ್ಲಿ ಒಬ್ಬರು ಅದ್ಭುತ ಅಂದರು, ಒಬ್ಬರು ತಗಡಿನ ಕಿರೀಟ ಕಂದಪದ್ಯದ ಮಧ್ಯೆ ಕಣ್ಣಿಗೆ ಜಾರಿತು ಅಂದರು, ಒಬ್ಬರು ಕರೆಂಟ್ ಹೋಯಿತು ಅಂದರು. ಮೂರೂ ನಿಜ ಇರಬಹುದು.

(ಆ) ದಯಾನಂದ ತಪ್ಪರಿತು ವನಜಾಕ್ಷಿಯನ್ನು ಪಾರ್ಟ್‌ನರ್ ಮಾಡಿಕೊಂಡ. — ದಯಾನಂದನೇ ಬಂದು ಇದನ್ನು ಹೊಡೆದು ಹಾಕಿಸಿದ.

(ಇ) ದಯಾನಂದ ಅವಳನ್ನು ಕೆಲಸದಿಂದ ತೆಗೆದ. — ಇದನ್ನೂ ಹೊಡೆಸಿದ. "ನನ್ನ ಏನಂದ್ಕೊಂಡಿದೀರಾ? ಯೋಚ್ನೆ ಮಾಡ್ತಾ ಇದೀನಿ," ಅಂದ.

ಹಾಗಾಗಿ ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟು. ಟೆಂಪೋ ಗುಬ್ಬಿಯಿಂದ ಹೊರಟಿದೆ, ತುಮಕೂರು ದಾಟಿ ಕುಣಿಗಲ್ ರಸ್ತೆ ಹಿಡಿಯಬೇಕು, ದಾರಿಯಲ್ಲಿ ಮರಳೂರಲ್ಲಿ ವನಜಾಕ್ಷಿಯನ್ನು ಮನೆ ಹತ್ತಿರ ಇಳಿಸಬೇಕು. ಸಿಂಹಾಸನ ಹಿಂದುಗಡೆ ನಿಂತಿದೆ. ಅದನ್ನು ಹತ್ತಿಸಿದ ಮೇಲೆ ಉಳಿದ ಜಾಗದಲ್ಲಿ ಹೆಂಗಸರೆಲ್ಲ ಮುದುರಿ ಕೂತಿದ್ದಾರೆ, ಒಬ್ಬರ ಮಂಡಿಯ ಮೇಲೆ ಇನ್ನೊಬ್ಬರು. ವನಜಾಕ್ಷಿಗೆ ಜಾಗವಿಲ್ಲ.

"ಅಲ್ಲೇ ಕೂತ್ಕಳವ್ವಾ," ಅಂದರು ಹನುಮಕ್ಕ, ಸಿಂಹಾಸನ ತೋರಿಸಿ.

"ಅಯ್ಯೋ, ನಾನಾ? ಅದು ನಿಮ್ದು."

"ಹೊತ್ ಮುಳುಗಿದ್ ಮ್ಯಾಲೆ ನಂದು. ನನ್ ಹೆಸ್ರು ಕೊನೇಲಿ ಯೋಳ್ದೋಳು ನೀನು, ಅದಿನ್ನೂ ನೋಯ್ತದೆ. ಅದ್ಕೇ ಅಂತೀನಿ, ಕೂತ್ಕಂಡು ನನ್ನ ಮುಖ ನೋಡ್ಕಂಡು ಬಾ."

ವನಜಾಕ್ಷಿ ಕೂತಳು. ಎದುರಿಗೆ ಹನುಮಕ್ಕ. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರು ಟೆಂಪೋದ ಮೇಲೆ ಚೂಡಿದಾರ್ ಹಾಕಿದ ಚಕ್ರವರ್ತಿಯನ್ನು ಕಂಡು ಓವರ್‌ಟೇಕ್ ಮಾಡುವುದನ್ನೇ ಬಿಟ್ಟ. ಅದನ್ನು ನೋಡಿ ಹನುಮಕ್ಕನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಒಬ್ಬರಿಂದ ಒಬ್ಬರಿಗೆ ಹತ್ತಿ ಇಡೀ ಟೆಂಪೋ ನಗತೊಡಗಿತು. ವನಜಾಕ್ಷಿಯ ಬ್ಯಾಗಿನಲ್ಲಿ ಮೊಬೈಲು ಬಡಿದುಕೊಳ್ಳುತ್ತಿದೆ. ದಯಾನಂದನೇ ಇರಬೇಕು, ಯೋಚನೆ ಮುಗಿದಿರಬೇಕು. ಎತ್ತೋಣ ಅಂದರೆ ಹಳ್ಳ ದಿಣ್ಣೆ, ಎರಡೂ ಕೈ ಸಿಂಹದ ತಲೆಗಳನ್ನು ಬಿಗಿಯಾಗಿ ಹಿಡಿದಿವೆ.

ಮರಳೂರು ಬಂತು.

"ನಿಲ್ಸಪ್ಪಾ," ಅಂತ ಹನುಮಕ್ಕ ಡ್ರೈವರಿಗೆ ಕೂಗಿದರು. "ಮಗ ಇಲ್ಲಿಳೀತದೆ."

ಟೆಂಪೋ ನಿಧಾನವಾಯಿತು. ಫೋನು ಇನ್ನೂ ಬಡಿದುಕೊಳ್ಳುತ್ತಿದೆ. ನಾನು ಕೊನೆಯ ವಾಕ್ಯಕ್ಕೆ ತಯಾರಾಗಿ ಕೇಳಿದೆ: ಇಳಿದೆ ಅಂತ ಬರೆಯಲೋ, ಇಳಿಯಲಿಲ್ಲ ಅಂತ ಬರೆಯಲೋ?

"ಎರಡೂ ಬೇಡ ಸಾರ್," ಅಂದಳು. "ನಾನಿನ್ನೂ ಕೂತಿದೀನಿ."